ಮಾರ್ಚ್ ತಿಂಗಳ ದಾನ: ಕೊಡುವ ಮುನ್ನ ಒಂದು ಸಂಜೆ

(ನಗರದ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)

ಫೆಬ್ರವರಿ ಮುಗಿಯುತ್ತಾ ಬಂತೆಂದರೆ ಮುಂಬಯಿಯ ನಮ್ಮ ಕನ್ನಡಿಗರ ಮನೆಗಳಿಗೆ ಎರಡು ಬಗೆಯ ಮನವಿಗಳು ಬರಲು ಶುರುವಾಗುತ್ತವೆ. ಒಂದು ಊರಿನದು. ದಪ್ಪ ಕಾಗದ, ಮೇಲೆ ದೇವಸ್ಥಾನದ ಬಣ್ಣದ ಚಿತ್ರ, ಒಳಗೆ ಬ್ರಹ್ಮಕಲಶೋತ್ಸವ ಸಮಿತಿಯ ಮೂವತ್ತು ನಲವತ್ತು ಹೆಸರು, ಕೊನೆಯ ಪುಟದಲ್ಲಿ ಯಾವ ಸೇವೆಗೆ ಎಷ್ಟು ಎಂಬ ಪಟ್ಟಿ. ಇನ್ನೊಂದು ಇದೇ ನಗರದ್ದು. ಅದು ಈಗೀಗ ಕಾಗದದಲ್ಲಿ ಬರುವುದಿಲ್ಲ, ವಾಟ್ಸಾಪಿನಲ್ಲಿ ಬರುತ್ತದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಮಗುವಿನ ಫೋಟೋ, ಕೆಳಗೆ ಹಣ ಕಳಿಸುವ ಚೌಕಟ್ಟಿನ ಕೋಡು. ಇವೆರಡರ ನಡುವೆ ಆಫೀಸಿನ ಅಕೌಂಟ್ಸ್ ವಿಭಾಗದವರು ತೆರಿಗೆ ಉಳಿತಾಯದ ಪುರಾವೆ ಕೊಡಿ ಎಂದು ಬೆನ್ನು ಹತ್ತಿರುತ್ತಾರೆ. ಡಿಸೆಂಬರ್ 31 ಕ್ಯಾಲೆಂಡರಿನ ವರ್ಷಾಂತ್ಯ, ನಮ್ಮ ಜೇಬಿನ ವರ್ಷಾಂತ್ಯ ಮಾರ್ಚ್ 31. ನಾವು ವರ್ಷವಿಡೀ ಮಾಡದ ದಾನವನ್ನು ಆ ಕೊನೆಯ ನಾಲ್ಕು ವಾರಗಳಲ್ಲಿ ಮಾಡಿ ಮುಗಿಸುತ್ತೇವೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅದರ ಜೊತೆಗೆ ಹನ್ನೊಂದು ವರ್ಷ ಉಪನಗರದ ಒಂದು ಸಂಘದ ವಿದ್ಯಾನಿಧಿಗೆ ಖಜಾಂಚಿಯಾಗಿದ್ದೆ. ಅಂದರೆ ಕೊಡುವವರ ಸಾಲಿನಲ್ಲೂ ನಿಂತಿದ್ದೇನೆ, ಕೊಟ್ಟದ್ದನ್ನು ಹಂಚುವವರ ಸಾಲಿನಲ್ಲೂ ಕೂತಿದ್ದೇನೆ. ಎರಡೂ ಕಡೆ ತಪ್ಪು ಮಾಡಿದ್ದೇನೆ. ದೊಡ್ಡ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ.

ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಹನ್ನೆರಡು ಹದಿಮೂರರ ವಯಸ್ಸಿಗೆ ಊರಿನಿಂದ ಬಸ್ಸು ಹತ್ತಿ ಬಂದು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಆರೂವರೆಗೆ ಶಾಲೆಗೆ ಓಡಿ, ಹತ್ತನೇ ತರಗತಿ ಪಾಸು ಮಾಡಿದವರು ನಮ್ಮಲ್ಲಿ ಎಷ್ಟಿಲ್ಲ! ಇವತ್ತು ಬ್ಯಾಂಕಿನಿಂದ, ಎಲ್‌ಐಸಿಯಿಂದ ನಿವೃತ್ತರಾಗಿ ಬೊರಿವಲಿಯಲ್ಲೋ ಡೊಂಬಿವಲಿಯಲ್ಲೋ ಸ್ವಂತ ಫ್ಲ್ಯಾಟಿನಲ್ಲಿ ಕೂತು ಈ ಕಾರ್ಯಕ್ರಮ ಕೇಳುತ್ತಿರುವವರಲ್ಲಿ ಆ ಬೆಂಚಿನಿಂದ ಎದ್ದು ಬಂದವರು ಖಂಡಿತ ಇದ್ದೀರಿ.

2003ರಲ್ಲಿ ಅಂಥದೊಂದು ರಾತ್ರಿಶಾಲೆಯ ಮುಖ್ಯೋಪಾಧ್ಯಾಯರು ನಮ್ಮ ಸಂಘಕ್ಕೆ ಒಂದು ಪುಟದ ಅರ್ಜಿ ಕೊಟ್ಟರು. ಶಾಲೆಯ ಹೆಸರು ಬೇಡ. ಅರ್ಜಿಯಲ್ಲಿ ಇದ್ದದ್ದು ಇಷ್ಟೆ: ಹುಡುಗರು ಕೆಲಸ ಮುಗಿಸಿ ನೇರ ಶಾಲೆಗೆ ಬರುತ್ತಾರೆ, ಹಸಿದಿರುತ್ತಾರೆ, ದಿನಕ್ಕೊಂದು ವಡಾಪಾವ್ ಮತ್ತು ಚಹಾ ಕೊಡಿಸಲು ಸಂಘ ನೆರವಾಗಬಹುದೆ? ಸಭೆಯಲ್ಲಿ ಚರ್ಚೆ ಆಯಿತು. ತಿಂಡಿಗೆ ದುಡ್ಡು ಕೊಟ್ಟರೆ ಲೆಕ್ಕ ಇಡುವುದು ಕಷ್ಟ, ರಸೀದಿ ಸಿಗುವುದಿಲ್ಲ, ತಿಂದು ಹೋದದ್ದಕ್ಕೆ ಸಾಕ್ಷಿ ಏನು ಎಂದವನು ನಾನೇ. ಖಜಾಂಚಿಯ ಮಾತು ನಡೆಯಿತು. ಬದಲಿಗೆ ನೋಟ್‌ಬುಕ್ ಮತ್ತು ಸ್ಕೂಲ್‌ಬ್ಯಾಗ್ ವಿತರಣೆ ಎಂದು ತೀರ್ಮಾನವಾಯಿತು. ಬ್ಯಾನರ್ ಕಟ್ಟಿದೆವು, ಅತಿಥಿಗಳನ್ನು ಕರೆದೆವು, ಶಾಲು ಹೊದಿಸಿದೆವು, ಫೋಟೋ ಪತ್ರಿಕೆಯಲ್ಲಿ ಬಂತು. ಎಲ್ಲ ಸೇರಿ ಖರ್ಚು 42 ಸಾವಿರ ರೂಪಾಯಿ.

ಮರುವರ್ಷ ನಾನೊಬ್ಬನೇ ಒಂದು ಸಂಜೆ ಆ ಕಡೆ ಹೋಗಿದ್ದವನು ಶಾಲೆಯೊಳಗೆ ಇಣುಕಿದೆ. ಮುಖ್ಯೋಪಾಧ್ಯಾಯರು ಪ್ರೀತಿಯಿಂದಲೇ ಕೂರಿಸಿ ಮಾತಾಡಿದರು. ಅವರ ಕೋಣೆಯ ಕಪಾಟು ಅರ್ಧ ತೆರೆದಿತ್ತು. ಒಳಗೆ ನೋಟ್‌ಬುಕ್ಕಿನ ಕಟ್ಟುಗಳು, ಮೂರು ಬೇರೆ ಬೇರೆ ಸಂಸ್ಥೆಗಳ ಸ್ಟಿಕ್ಕರ್ ಅಂಟಿಸಿದವು. ಶಾಲೆಯಲ್ಲಿದ್ದ ಹುಡುಗರು ನಲವತ್ತು. ನಾನು ನೋಡಿದ್ದನ್ನು ಅವರೂ ನೋಡಿದರು, ಏನೂ ಹೇಳಲಿಲ್ಲ. ಎರಡನೇ ಪೀರಿಯಡ್ ಮುಗಿದಾಗ ಹತ್ತು ಹನ್ನೆರಡು ಹುಡುಗರು ಚೀಲ ಹೆಗಲಿಗೇರಿಸಿ ಹೊರಟರು. ಹೋಟೆಲಿನಲ್ಲಿ ಎಂಟೂವರೆಯ ಊಟದ ಪಂಕ್ತಿ ತಪ್ಪಿದರೆ ರಾತ್ರಿ ಖಾಲಿ ಹೊಟ್ಟೆ ಎಂದು ಅವರು ವಿವರಿಸಿದರು. ಚೀಲಗಳು ನಾವು ಕೊಟ್ಟವೇ.

2006ರಲ್ಲಿ ಆ ಶಾಲೆ ಮುಚ್ಚಿತು. ನಾವು ವಡಾಪಾವ್ ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ ಮುಚ್ಚಿತು ಎಂದರೆ ಸುಳ್ಳಾಗುತ್ತದೆ. ಊರಿನಿಂದ ಹುಡುಗರು ಬರುವುದೇ ಕಡಿಮೆಯಾಗಿತ್ತು, ಅಲ್ಲೇ ಹೈಸ್ಕೂಲುಗಳು ಆಗಿದ್ದವು, ಅದು ಒಳ್ಳೆಯದೇ. ಆದರೆ ಇದ್ದ ನಲವತ್ತು ಹುಡುಗರಲ್ಲಿ ಎಷ್ಟು ಮಂದಿ ಹಸಿವಿಗೆ ಶಾಲೆ ಬಿಟ್ಟರು ಎಂಬುದನ್ನು ನಾವು ಕೇಳಲೇ ಇಲ್ಲ. ಶಾಲೆ ಮುಚ್ಚಿದ ಮೇಲೆ ಒಂದು ದಿನ ಹಳೆಯ ಲೆಡ್ಜರ್ ತೆಗೆದು ಲೆಕ್ಕ ಹಾಕಿದೆ. ಆಗಿನ ದರದಲ್ಲಿ ತಲೆಗೆ ಐದು ರೂಪಾಯಿ, ನಲವತ್ತು ಹುಡುಗರಿಗೆ ದಿನಕ್ಕೆ ಇನ್ನೂರು, ವರ್ಷಕ್ಕೆ ಇನ್ನೂರು ಶಾಲಾದಿನ ಎಂದರೆ 40 ಸಾವಿರ. ನಮ್ಮ ಸಮಾರಂಭದ ಖರ್ಚಿಗಿಂತ ಎರಡು ಸಾವಿರ ಕಡಿಮೆ.

ಇಷ್ಟು ಹೇಳಿದ ಮೇಲೆ ಈಗ ಆಯ್ಕೆಯ ವಿಷಯಕ್ಕೆ ಬರುತ್ತೇನೆ.

ಮೊದಲ ಪ್ರಶ್ನೆ, ನಮಗೆ ಸ್ಥಳೀಯ ಎನ್ನುವುದು ಯಾವುದು? ಇದು ಬೆಂಗಳೂರಿನಲ್ಲೋ ಧಾರವಾಡದಲ್ಲೋ ಇರುವವರಿಗೆ ಏಳದ ಪ್ರಶ್ನೆ. ಚೆನ್ನೈ, ಹೈದರಾಬಾದ್, ದೆಹಲಿ, ಪುಣೆಗಳಲ್ಲಿರುವ ನಮ್ಮವರಿಗೆ ಏಳುತ್ತದೆ. ನಲವತ್ತು ವರ್ಷ ಈ ನಗರದ ನೀರು ಕುಡಿದು, ಇದರ ಲೋಕಲ್ ಗಾಡಿಯಲ್ಲಿ ನಿಂತು ಓಡಾಡಿ, ಮಕ್ಕಳನ್ನು ಇಲ್ಲೇ ಓದಿಸಿ, ದಾನ ಎಂಬ ಮಾತು ಬಂದಾಗ ಮಾತ್ರ ನಮ್ಮ ಕೈ ಊರಿನ ಕಡೆ ಚಾಚುತ್ತದೆ. ಅದನ್ನು ನಾನು ತಪ್ಪೆನ್ನುವುದಿಲ್ಲ. ಊರಿನ ಶಾಲೆಗೆ ಛಾವಣಿ, ದೇವಸ್ಥಾನಕ್ಕೆ ಗರ್ಭಗುಡಿ, ಯಕ್ಷಗಾನ ಮೇಳಕ್ಕೆ ವೇಷಭೂಷಣ, ಎಲ್ಲಕ್ಕೂ ಮುಂಬಯಿಯ ದುಡ್ಡು ಹೋಗಿದೆ, ಹೋಗಲಿ. ಆದರೆ ಒಂದು ವ್ಯತ್ಯಾಸ ಗಮನಿಸಿ. ಊರಿನ ದಾನದ ಗತಿ ಏನಾಯಿತು ಎಂದು ವರ್ಷಕ್ಕೊಮ್ಮೆ, ಮೇ ತಿಂಗಳ ರಜೆಯಲ್ಲಿ ಹೋದಾಗ ನೋಡುತ್ತೇವೆ. ನೋಡುವುದೂ ಗೋಡೆಯ ಮೇಲಿನ ಅಮೃತಶಿಲೆಯ ಫಲಕವನ್ನು, ಹೆಸರು ಸರಿಯಾಗಿ ಕೆತ್ತಿದ್ದಾರೋ ಇಲ್ಲವೋ ಎಂದು. ಇಲ್ಲಿಯ ದಾನವನ್ನು ಯಾವ ಮಂಗಳವಾರ ಸಂಜೆ ಬೇಕಾದರೂ ಹೋಗಿ ನೋಡಬಹುದು. ಹತ್ತಿರ ಎಂಬುದರ ಲಾಭ ಅದೊಂದೇ. ಹತ್ತಿರದ ಬಡವ ದೂರದ ಬಡವನಿಗಿಂತ ಹೆಚ್ಚು ಬಡವ ಅಂತಲ್ಲ.

ನಮ್ಮ ಮನೆಯಲ್ಲಿ ಈಗ ಅರ್ಧ ಊರಿಗೆ, ಅರ್ಧ ಇಲ್ಲಿಗೆ. ಈ ಅನುಪಾತಕ್ಕೆ ಯಾವ ಶಾಸ್ತ್ರವೂ ಇಲ್ಲ, ಮನೆಯಾಕೆಯೊಡನೆ ವಾದ ಮಾಡಿ ಬಂದ ಒಪ್ಪಂದ ಅದು.

ಇಲ್ಲಿ ಎಂದರೆ ಎಲ್ಲಿ? ಒಂದು ಉದಾಹರಣೆ ಹೇಳುತ್ತೇನೆ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ ಶುರುವಾದದ್ದು. ದೇಶದ ಮೂಲೆಮೂಲೆಯಿಂದ ಕ್ಯಾನ್ಸರ್ ರೋಗಿಗಳು ಬರುತ್ತಾರೆ. ನಮ್ಮ ಕರ್ನಾಟಕದಿಂದಲೂ ಬರುತ್ತಾರೆ. ಅಲ್ಲಿ ಚಿಕಿತ್ಸೆಯ ಖರ್ಚಿನಷ್ಟೇ ಕಷ್ಟದ್ದು ಇರುವ ಜಾಗ. ಕೀಮೋ ಎಂದರೆ ಒಂದು ದಿನದ ಕೆಲಸವಲ್ಲ. ಕೊಟ್ಟ ಮೇಲೆ ಎರಡು ಮೂರು ವಾರ ಬಿಟ್ಟು ಮತ್ತೆ, ಹೀಗೆ ತಿಂಗಳುಗಟ್ಟಲೆ. ನಡುವಿನ ದಿನಗಳಲ್ಲಿ ಆಸ್ಪತ್ರೆಯ ಹಾಸಿಗೆ ಬೇಕಾಗಿಲ್ಲ, ಆದರೆ ಶುಚಿಯಾದ ಕೋಣೆ, ಕುದಿಸಿದ ನೀರು, ಮನೆಯಂಥ ಊಟ ಬೇಕು. ರೋಗನಿರೋಧಕ ಶಕ್ತಿ ಕುಗ್ಗಿರುವ ಮಗುವನ್ನು ಫುಟ್‌ಪಾತಿನಲ್ಲಿ ಮಲಗಿಸಿದರೆ ಕ್ಯಾನ್ಸರಿಗಿಂತ ಮೊದಲು ಸೋಂಕು ಹಿಡಿಯುತ್ತದೆ. ಜಾಗ ಸಿಗದ ಅಪ್ಪ ಅಮ್ಮ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಊರಿಗೆ ಹೋಗಿಬಿಡುತ್ತಾರೆ. ಔಷಧಿ ಇದೆ, ಡಾಕ್ಟರು ಇದ್ದಾರೆ, ಮಗು ಮಾತ್ರ ಉಳಿಯುವುದಿಲ್ಲ.

ಈ ತೊಂದರೆಯನ್ನು ಮುಂಬಯಿ ಬಹಳ ಹಿಂದೆಯೇ ಅರ್ಥ ಮಾಡಿಕೊಂಡಿತ್ತು. ಕೈಯಲ್ಲಿ ಪೊರಕೆ ಹಿಡಿದು ಹಳ್ಳಿಯ ಬೀದಿ ಗುಡಿಸಿ ರಾತ್ರಿ ಕೀರ್ತನೆ ಮಾಡುತ್ತಿದ್ದ ಗಾಡಗೆ ಮಹಾರಾಜರು 1956ರಲ್ಲಿ ತೀರಿಕೊಳ್ಳುವವರೆಗೆ ಕಟ್ಟಿಸಿದ್ದೆಲ್ಲ ಧರ್ಮಶಾಲೆಗಳನ್ನು, ಶಾಲೆಗಳನ್ನು. ಅವರ ಹೆಸರಿನ ದಾದರಿನ ಧರ್ಮಶಾಲೆ ಇಂದಿಗೂ ಕ್ಯಾನ್ಸರ್ ರೋಗಿಗಳಿಗೆ, ಅವರ ಮನೆಯವರಿಗೆ ನೆಲೆ ಕೊಡುತ್ತಿದೆ. ಮಕ್ಕಳಿಗಾಗಿಯೇ 2006ರಲ್ಲಿ ಇದೇ ನಗರದಲ್ಲಿ ಸೇಂಟ್ ಜ್ಯೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ ಎಂಬ ಸಂಸ್ಥೆ ಶುರುವಾಗಿ ಚಿಕಿತ್ಸೆ ಮುಗಿಯುವವರೆಗೂ ಕುಟುಂಬಕ್ಕೆ ಉಚಿತ ವಸತಿ ಕೊಡುತ್ತದೆ. ಹೆಸರು ಹೇಳಿದ್ದು ಅಲ್ಲಿಗೇ ಕೊಡಿ ಎಂಬ ಶಿಫಾರಸಿಗಲ್ಲ. ಕಣ್ಣಿಗೆ ಕಾಣುವ ರೋಗದ ಪಕ್ಕದಲ್ಲಿ ಕಣ್ಣಿಗೆ ಕಾಣದ ಬಾಡಿಗೆಯ ಸಮಸ್ಯೆಯೊಂದು ಇರುತ್ತದೆ, ಅದನ್ನು ಹಿಡಿದುಕೊಂಡ ಸಂಸ್ಥೆಗಳು ಇವು ಎಂದು ತೋರಿಸಲು ಹೇಳಿದೆ. ಚೆನ್ನೈಯ ಅಡ್ಯಾರಿನಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು 1954ರಲ್ಲಿ ಆರಂಭಿಸಿದ ಕ್ಯಾನ್ಸರ್ ಆಸ್ಪತ್ರೆಯ ಸುತ್ತ, ದೆಹಲಿಯ ಏಮ್ಸ್ ಸುತ್ತ ಇದೇ ಕತೆ. ಅಲ್ಲಿರುವ ಕೇಳುಗರು ನಿಮ್ಮ ನಿಮ್ಮ ದೊಡ್ಡಾಸ್ಪತ್ರೆಯ ಗೇಟಿನ ಎದುರು ರಾತ್ರಿ ಒಂಬತ್ತು ಗಂಟೆಗೆ ಒಮ್ಮೆ ನಿಂತು ನೋಡಿ.

ಇನ್ನು ಸಂಸ್ಥೆ ನಂಬಿಕಸ್ಥವೇ ಎಂದು ತಿಳಿಯುವುದು ಹೇಗೆ? ನನ್ನ ಬ್ಯಾಂಕಿನ ಬುದ್ಧಿ ಇಲ್ಲಿ ಸ್ವಲ್ಪ ಮುಂದೆ ಬರುತ್ತದೆ, ಕ್ಷಮಿಸಿ.

ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯ್ದೆ ಇದೆ. ಅದರ ಪ್ರಕಾರ ಟ್ರಸ್ಟುಗಳು, ಸೇವಾಸಂಘಗಳು ಚಾರಿಟಿ ಕಮಿಷನರ್ ಕಚೇರಿಯಲ್ಲಿ ನೋಂದಣಿ ಆಗಬೇಕು, ಲೆಕ್ಕ ಒಪ್ಪಿಸಬೇಕು. ನಮ್ಮ ಕನ್ನಡ ಸಂಘಗಳೂ ಇದರೊಳಗೇ ಬರುತ್ತವೆ. ಈ ಲೆಕ್ಕಕ್ಕೆ ಗೊತ್ತಾದ ನಮೂನೆಗಳಿವೆ. ಆಸ್ತಿ ಹೊಣೆಯ ಪಟ್ಟಿಗೆ ಶೆಡ್ಯೂಲ್ ಎಂಟು, ಆದಾಯ ವೆಚ್ಚಕ್ಕೆ ಶೆಡ್ಯೂಲ್ ಒಂಬತ್ತು. ಕೊಡಿ, ನೋಡುತ್ತೇನೆ ಎಂದು ಕೇಳಲು ಸಂಕೋಚ ಬೇಡ. ಕೈಗೆ ಬಂದ ಮೇಲೆ ಶೆಡ್ಯೂಲ್ ಒಂಬತ್ತರ ವೆಚ್ಚದ ಬದಿಯಲ್ಲಿ ನಾಲ್ಕು ಸಾಲು ಓದಿದರೆ ಸಾಕು. ಆಡಳಿತದ ಖರ್ಚು ಒಂದು ಸಾಲು. ಟ್ರಸ್ಟಿಗಳಿಗೆ ಸಂಭಾವನೆ ಒಂದು ಸಾಲು, ಅಲ್ಲಿ ಮೊತ್ತ ಕಂಡರೆ ಯಾಕೆ ಎಂದು ಕೇಳಬಹುದು. ಕೋರ್ಟು ಖರ್ಚು ಒಂದು ಸಾಲು, ಅದು ದೊಡ್ಡದಿದ್ದರೆ ಟ್ರಸ್ಟಿಗಳು ತಮ್ಮತಮ್ಮಲ್ಲೇ ಜಗಳವಾಡುತ್ತಿರಬಹುದು. ಕೊನೆಯದು ಟ್ರಸ್ಟಿನ ಉದ್ದೇಶಗಳಿಗೆ ಮಾಡಿದ ವೆಚ್ಚ, ಅದರಲ್ಲೇ ಶಿಕ್ಷಣಕ್ಕೆಷ್ಟು, ವೈದ್ಯಕೀಯಕ್ಕೆಷ್ಟು, ಬಡತನ ನಿವಾರಣೆಗೆಷ್ಟು ಎಂದು ಬಿಡಿಬಿಡಿಯಾಗಿ ಇರುತ್ತದೆ. ಮನವಿಪತ್ರದ ಫೋಟೋದಲ್ಲಿ ಪೂರಾ ಶಾಲಾಮಕ್ಕಳೇ ಇದ್ದು ಶಿಕ್ಷಣದ ಸಾಲಿನಲ್ಲಿ ಪುಡಿಗಾಸು ಇದ್ದರೆ ನಿಮಗೆ ಉತ್ತರ ಸಿಕ್ಕಿತು.

ಆದರೆ ಆಡಳಿತದ ಖರ್ಚು ಕಂಡ ಕೂಡಲೇ ಮೂಗು ಮುರಿಯಬೇಡಿ. ನಾನು ಹನ್ನೊಂದು ವರ್ಷ ಹೆಮ್ಮೆಯಿಂದ ಹೇಳುತ್ತಿದ್ದೆ, ನಮ್ಮ ನಿಧಿಯ ಆಡಳಿತ ವೆಚ್ಚ ಸೊನ್ನೆ ಎಂದು. ಸೊನ್ನೆ ಯಾಕೆಂದರೆ ಯಾರೂ ಸಂಬಳದವರಿರಲಿಲ್ಲ, ಸಂಬಳದವರಿಲ್ಲದ್ದರಿಂದ ಶಾಲೆಗೆ ಹೋಗಿ ನೋಡುವವರೂ ಇರಲಿಲ್ಲ. ಇದ್ದಿದ್ದರೆ ಕಪಾಟಿನ ನೋಟ್‌ಬುಕ್ ಮೊದಲೇ ಕಾಣುತ್ತಿತ್ತು. ವಾರ್ಡನ್, ನರ್ಸು, ಟೀಚರು, ಸಮಾಜ ಕಾರ್ಯಕರ್ತೆ ಇವರ ಸಂಬಳವೂ ಪುಸ್ತಕದಲ್ಲಿ ಕೆಲವೊಮ್ಮೆ ಆಡಳಿತದ ಖಾತೆಗೇ ಬರುತ್ತದೆ. 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡು ಭಾಗ ಸಮಾಜ ಕಾರ್ಯಕ್ಕೆ ಖರ್ಚು ಮಾಡಬೇಕೆಂಬ ಕಾನೂನು ಜಾರಿಯಲ್ಲಿದೆ. ಕಂಪನಿಯವರಿಗೆ ಕಟ್ಟಡ ಬೇಕು, ಯಂತ್ರ ಬೇಕು, ಬೋರ್ಡು ಹಾಕುವಂಥದ್ದು ಬೇಕು. ಡಯಾಲಿಸಿಸ್ ಯಂತ್ರ ಕೊಡಿಸುವವರು ಸಿಗುತ್ತಾರೆ, ಅದನ್ನು ನಡೆಸುವ ಟೆಕ್ನಿಷಿಯನ್ನಿನ ಸಂಬಳಕ್ಕೆ ಸಿಗುವುದಿಲ್ಲ. ನಮ್ಮಂಥವರ ತಿಂಗಳ ಐನೂರು, ಸಾವಿರಕ್ಕೆ ಬೆಲೆ ಇರುವುದು ಅಲ್ಲೇ.

ಮಕ್ಕಳ ಆಶ್ರಮಗಳ ಬಗ್ಗೆ ಪ್ರತ್ಯೇಕ ಒಂದು ಮಾತು. ಹುಟ್ಟುಹಬ್ಬಕ್ಕೆ ಕೇಕು ಹಿಡಿದು ಅನಾಥಾಲಯಕ್ಕೆ ಹೋಗುವುದು ಈಗ ರೂಢಿಯಾಗಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಇಂಥ ಸಂಸ್ಥೆಗಳು ನೋಂದಣಿ ಆಗಿರಲೇಬೇಕು. ಅಲ್ಲಿರುವ ಮಕ್ಕಳ ಗುರುತು ಹೊರಬರುವಂತೆ ಹೆಸರು, ಫೋಟೋ ಪ್ರಕಟಿಸುವುದನ್ನೂ ಅದೇ ಕಾಯ್ದೆ ನಿಷೇಧಿಸಿದೆ. ಹಾಗಾಗಿ ಮಕ್ಕಳ ಮುಖವನ್ನೇ ಮುಂದಿಟ್ಟುಕೊಂಡು ದೇಣಿಗೆ ಕೇಳುವ ಆಶ್ರಮದ ಬಗ್ಗೆ ಎಚ್ಚರದಿಂದಿರಿ, ಫೋಟೋ ತೆಗೆಯಬೇಡಿ ಎಂದು ನಿಮ್ಮನ್ನು ಬಾಗಿಲಲ್ಲೇ ತಡೆಯುವ ಸಂಸ್ಥೆಯ ಮೇಲೆ ಸಿಟ್ಟಾಗಬೇಡಿ. ಆಮೇಲೆ ಆ ಕೇಕು. ಭಾನುವಾರ ಮೂರು ಮನೆಯವರು ಮೂರು ಕೇಕು ತರುತ್ತಾರೆ, ಬುಧವಾರ ಮಕ್ಕಳಿಗೆ ಹಾಲು ಇರುವುದಿಲ್ಲ. ಹೋಗುವ ಮುನ್ನ ಫೋನ್ ಮಾಡಿ ಯಾವ ದಿನ ಯಾರೂ ಬರುವುದಿಲ್ಲ ಎಂದು ಕೇಳಿ.

ಫೋನ್ ಎಂದಾಗ ನೆನಪಾಯಿತು. ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಫೋನ್ ಮಾಡಿ, ಒಂದು ಮಗುವಿಗೆ ಇವತ್ತು ಸಂಜೆಯೊಳಗೆ ಆಪರೇಷನ್ ಆಗಬೇಕು, ಈಗಲೇ ಇಷ್ಟು ಕಳಿಸಿ ಎನ್ನುವವರಿದ್ದಾರೆ. ನಾನೂ ಒಮ್ಮೆ ಮೂರು ಸಾವಿರ ಕಳಿಸಿದ್ದೇನೆ. ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿದರೆ ಆ ಹೆಸರಿನ ರೋಗಿಯೇ ಇರಲಿಲ್ಲ. ಈಗ ನಾನು ಒಂದೇ ಉತ್ತರ ಕೊಡುತ್ತೇನೆ: ರೋಗಿಯ ಕೇಸ್ ಪೇಪರ್ ನಂಬರು ಕೊಡಿ, ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲೇ ಕಟ್ಟುತ್ತೇನೆ. ಅರ್ಧಕ್ಕೂ ಹೆಚ್ಚು ಫೋನ್‌ಗಳು ಅಲ್ಲಿಗೇ ನಿಲ್ಲುತ್ತವೆ. ನಿಲ್ಲದವು ನಿಜವಾದವು. ನಮ್ಮ ಕೆಇಎಂನಂಥ ಮುನಿಸಿಪಲ್ ಆಸ್ಪತ್ರೆಗಳಲ್ಲಿ ಪೂವರ್ ಬಾಕ್ಸ್ ನಿಧಿ ಎಂದೇ ಒಂದು ಇದೆ. ಬಡರೋಗಿಗೆ ಹೊರಗಿನಿಂದ ತರಬೇಕಾದ ಔಷಧಿ, ಸ್ಟೆಂಟು, ಕನ್ನಡಕ ಇಂಥವಕ್ಕೆ ಅಲ್ಲಿಯ ಸಮಾಜಸೇವಕರು ವಿಚಾರಣೆ ಮಾಡಿ ಅದರಿಂದ ಕೊಡಿಸುತ್ತಾರೆ. ಜಾಹೀರಾತು ಇಲ್ಲದ್ದರಿಂದ ನಮಗೆ ಗೊತ್ತಾಗುವುದಿಲ್ಲ ಅಷ್ಟೆ.

ಕೆಲವೊಮ್ಮೆ ದುಡ್ಡಿಗಿಂತ ಮಾಹಿತಿಯೇ ದೊಡ್ಡ ನೆರವು. ನಮ್ಮ ಬಿಲ್ಡಿಂಗಿನ ವಾಚ್‌ಮನ್ ಉತ್ತರ ಪ್ರದೇಶದವನು. ಅವನ ಹೆಂಡತಿಗೆ ಪಿತ್ತಕೋಶದ ಆಪರೇಷನ್ ಆಗಬೇಕಾಗಿ ಬಂದಾಗ ಸೊಸೈಟಿಯಲ್ಲಿ ಚಂದಾ ಎತ್ತಿದೆವು, 18 ಸಾವಿರ ಕೂಡಿತು, ಆಸ್ಪತ್ರೆಯವರು ಹೇಳಿದ್ದು ಅದರ ನಾಲ್ಕು ಪಟ್ಟು. ಆಮೇಲೆ ಎರಡನೇ ಮಹಡಿಯ ಒಬ್ಬ ಹುಡುಗಿ, ಸಮಾಜಕಾರ್ಯ ಓದುತ್ತಿದ್ದವಳು, ಹೇಳಿದಳು: ಅಂಕಲ್, ಆ ಆಸ್ಪತ್ರೆ ಟ್ರಸ್ಟಿನದು, ಅಲ್ಲಿ ಬಡವರಿಗೆ ಮೀಸಲು ಹಾಸಿಗೆ ಇರಲೇಬೇಕು. ನಿಜ. ಬಾಂಬೆ ಹೈಕೋರ್ಟ್ 2006ರಲ್ಲಿ ಒಪ್ಪಿದ ಯೋಜನೆಯ ಪ್ರಕಾರ ಮಹಾರಾಷ್ಟ್ರದ ಧರ್ಮಾದಾಯ ಆಸ್ಪತ್ರೆಗಳು ನೂರಕ್ಕೆ 10 ಹಾಸಿಗೆ ತೀರಾ ಬಡವರಿಗೆ ಉಚಿತವಾಗಿ, ಇನ್ನು 10 ದುರ್ಬಲ ವರ್ಗಕ್ಕೆ ರಿಯಾಯಿತಿ ದರದಲ್ಲಿ ಇಡಬೇಕು. ಬಿಲ್ಲಿನ ಒಟ್ಟು ಮೊತ್ತದ ನೂರಕ್ಕೆ ಎರಡು ಭಾಗ ಬಡರೋಗಿಗಳ ನಿಧಿಗೆ ಹಾಕಬೇಕು. ರೇಷನ್ ಕಾರ್ಡು, ತಹಸೀಲ್ದಾರರ ಆದಾಯ ಪತ್ರ ಹಿಡಿದು ಆ ಹುಡುಗಿಯೇ ವಾಚ್‌ಮನ್‌ನನ್ನು ಕರೆದುಕೊಂಡು ಎರಡು ದಿನ ಓಡಾಡಿದಳು, ಆಪರೇಷನ್ ರಿಯಾಯಿತಿಯಲ್ಲಿ ಆಯಿತು. ನಮ್ಮ ಚಂದಾದಲ್ಲಿ ಉಳಿದದ್ದು ಆಕೆಯ ಔಷಧಿಗೆ, ಊಟಕ್ಕೆ ಸಾಕಾಯಿತು. ಆ ಎರಡು ದಿನದ ಓಡಾಟಕ್ಕೆ ರಸೀದಿಯೂ ಇಲ್ಲ, ತೆರಿಗೆ ವಿನಾಯಿತಿಯೂ ಇಲ್ಲ.

ಮನೆಗೆಲಸಕ್ಕೆ ಬರುವ ಬಾಯಿಯ ಸಂಬಳವನ್ನು ಮೂರು ವರ್ಷದಿಂದ ಏರಿಸದೆ, ಮಾರ್ಚಿನಲ್ಲಿ ಮಹಿಳಾ ಸಬಲೀಕರಣಕ್ಕೆ ಚೆಕ್ ಬರೆಯುವವರೂ ನಮ್ಮಲ್ಲಿದ್ದಾರೆ. ಅವಳಿಗೆ ಕೊಡಬೇಕಾದದ್ದು ದಾನವಲ್ಲ, ಬಾಕಿ. ಇರಲಿ.

ತೆರಿಗೆಯ ವಿಷಯ ಬಂತು, ಅದನ್ನು ಬೇಗ ಮುಗಿಸುತ್ತೇನೆ. 80ಜಿ ರಸೀದಿ ಇದ್ದರೆ ಕೊಟ್ಟದ್ದೆಲ್ಲ ವಾಪಸು ಬಂದಂತೆ ಎಂದು ಭಾವಿಸಿದವರು ಬಹಳ. ಹಾಗಲ್ಲ. ಬಹುಪಾಲು ಸಂಸ್ಥೆಗಳಿಗೆ ಕೊಟ್ಟ ದುಡ್ಡಿನ ಅರ್ಧ ಮಾತ್ರ, ಅದೂ ಆದಾಯದ ನೂರಕ್ಕೆ ಹತ್ತರ ಮಿತಿಯೊಳಗೆ, ಲೆಕ್ಕ ಹಾಕುವ ಆದಾಯದಿಂದ ಕಳೆಯುತ್ತದೆ. ಹತ್ತು ಸಾವಿರ ಕೊಟ್ಟಿರಿ, ಐದು ಸಾವಿರ ಕಳೆಯಿತು, ನೀವು ನೂರಕ್ಕೆ ಇಪ್ಪತ್ತರ ಮಟ್ಟದವರಾದರೆ ಉಳಿಯುವ ತೆರಿಗೆ ಸೆಸ್ ಸೇರಿ 1,040 ರೂಪಾಯಿ, ಮೂವತ್ತರವರಾದರೆ 1,560. ಇದೂ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ, ಮತ್ತು 2023-24ರಿಂದ ನೀವು ಏನೂ ಹೇಳದಿದ್ದರೆ ಹೊಸದೇ ನಿಮ್ಮ ಪಾಲಿಗೆ ಬರುತ್ತದೆ. ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ವಿನಾಯಿತಿ ಇಲ್ಲ, ಅಕ್ಕಿ ಬಟ್ಟೆ ಕೊಟ್ಟದ್ದಕ್ಕೂ ಇಲ್ಲ. 2021-22ರಿಂದ ಸಂಸ್ಥೆಯವರು ದಾನಿಗಳ ಪಟ್ಟಿಯನ್ನು ಇಲಾಖೆಗೆ ಸಲ್ಲಿಸಿ ನಿಮಗೊಂದು ಪ್ರಮಾಣಪತ್ರ ಕೊಡಬೇಕೆಂದಾಗಿದೆ, ಬರೀ ರಸೀದಿಯ ಮೇಲೆ ನಡೆಯುತ್ತಿದ್ದ ಕಾಲ ಹೋಯಿತು. 1961ರ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆಯನ್ನು 2026ರ ಏಪ್ರಿಲ್ 1ರಿಂದ ತಂದಿದ್ದಾರೆ, ಸೆಕ್ಷನ್‌ಗಳ ನಂಬರು ಬದಲಾಗಿದೆ, ನಮ್ಮ ಬಾಯಲ್ಲಿ ಅದು 80ಜಿ ಆಗಿಯೇ ಉಳಿಯುವುದೆಂದು ಕಾಣುತ್ತದೆ. ನಿಮ್ಮ ಆಡಿಟರನ್ನು ಒಂದು ಮಾತು ಕೇಳಿ. ಆದರೆ ಒಂದೂವರೆ ಸಾವಿರದ ಉಳಿತಾಯಕ್ಕಾಗಿ ತಪ್ಪು ಸಂಸ್ಥೆಗೆ ಹತ್ತು ಸಾವಿರ ಕೊಟ್ಟರೆ ಎಂಟೂವರೆ ಸಾವಿರ ಹೋದಂತೆಯೇ.

ನನ್ನ ಅಭಿಪ್ರಾಯ ಕೇಳಿದರೆ ಮಾರ್ಚ್ ಎಂಬುದೇ ಕೊಡುವುದಕ್ಕೆ ಕೆಟ್ಟ ತಿಂಗಳು. ಟ್ರಸ್ಟುಗಳು ಆ ವರ್ಷದ ಆದಾಯದಲ್ಲಿ ನೂರಕ್ಕೆ 85 ಭಾಗವನ್ನು ಉದ್ದೇಶಕ್ಕೆ ಖರ್ಚು ಮಾಡಬೇಕೆಂಬ ನಿಯಮವಿದೆ. ಮುಂದೂಡಲು ದಾರಿಗಳಿವೆ, ಆದರೆ ಸಣ್ಣ ಸಂಸ್ಥೆಗೆ ಆ ಕಾಗದಪತ್ರವೇ ತಲೆನೋವು. ಮಾರ್ಚ್ 28ಕ್ಕೆ ಬಂದ ದುಡ್ಡನ್ನು 31ರೊಳಗೆ ಹೇಗಾದರೂ ಮಾಡಿ ಮುಗಿಸಬೇಕಲ್ಲ ಎಂದು ಬೇಡದ ಕಪಾಟು, ಕುರ್ಚಿ ಕೊಂಡದ್ದನ್ನು ನಾನೇ ನೋಡಿದ್ದೇನೆ. ಅದೇ ಮಹಾರಾಷ್ಟ್ರದ ಶಾಲೆ ತೆರೆಯುವುದು ಜೂನ್ ಮಧ್ಯದಲ್ಲಿ, ಆಗ ಫೀಸು, ಯೂನಿಫಾರ್ಮಿಗೆ ಖಜಾನೆ ಖಾಲಿ. ರಕ್ತದಾನದ್ದೂ ಹೀಗೆಯೇ. ಶಿಬಿರಗಳಿದ್ದಾಗ ಬಾಟಲಿ ತುಂಬುತ್ತವೆ, ಮೇ ತಿಂಗಳ ರಜೆಯಲ್ಲಿ, ದೀಪಾವಳಿಯಲ್ಲಿ ಊರೆಲ್ಲ ಊರಿಗೆ ಹೋದಾಗ ಬ್ಲಡ್ ಬ್ಯಾಂಕಿನಲ್ಲಿ ಕೊರತೆ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಮೇ ತಿಂಗಳಲ್ಲಿ ನಗರದಲ್ಲೇ ಇರುವವರು ಆ ಲೆಕ್ಕ ಇಟ್ಟುಕೊಳ್ಳಿ.

ನಮ್ಮ ಕರಾವಳಿಯವರಿಗೆ ಪಿಗ್ಮಿ ಗೊತ್ತು. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಹಿರಿಯರು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸುವ ಠೇವಣಿ ಶುರು ಮಾಡಿದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಪಿಗ್ಮಿ ಎಂಬ ಮಾತು ಉಳಿಯಿತು. ದಾನಕ್ಕೂ ನಾನು ಪಿಗ್ಮಿ ಪದ್ಧತಿಯನ್ನೇ ಹಿಡಿದಿದ್ದೇನೆ. ವರ್ಷಕ್ಕೊಮ್ಮೆ ಹನ್ನೆರಡು ಸಾವಿರ ಕೊಡುವ ಬದಲು ತಿಂಗಳಿಗೆ ಸಾವಿರ ನನ್ನ ಖಾತೆಯಿಂದ ತಾನಾಗಿ ಹೋಗುತ್ತದೆ. ಸಂಸ್ಥೆಯವರಿಗೆ ಬರುವ ತಿಂಗಳು ಇಷ್ಟು ಬರುತ್ತದೆ ಎಂದು ಗೊತ್ತಿದ್ದರೆ ಒಬ್ಬ ಟೀಚರನ್ನು ಧೈರ್ಯವಾಗಿ ನೇಮಿಸಿಕೊಳ್ಳುತ್ತಾರೆ. ಮತ್ತೆ ಹತ್ತು ಸಂಸ್ಥೆಗೆ ಐನೂರೈನೂರು ಹಂಚುವ ಚಾಳಿ ಬಿಟ್ಟೆ. ಎರಡೇ ಇಟ್ಟುಕೊಂಡಿದ್ದೇನೆ. ಎರಡಾದರೆ ಹೋಗಿ ನೋಡಬಹುದು, ಹತ್ತಾದರೆ ಆಗುವುದಿಲ್ಲ.

ಹೋದಾಗ ಏನು ಕೇಳಬೇಕು? ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ನಿಮಗೆ ಯಾರೂ ಕೊಡದೇ ಇರುವುದು ಏನು? ಈ ಪ್ರಶ್ನೆಗೆ ಕೆಲಸ ಮಾಡುವ ಸಂಸ್ಥೆಯವರು ತಡವರಿಸುವುದಿಲ್ಲ. ಲೈಟ್ ಬಿಲ್ಲು, ಗ್ಯಾಸ್ ಸಿಲಿಂಡರು, ಡ್ರೈವರಿನ ಸಂಬಳ, ಸ್ಯಾನಿಟರಿ ಪ್ಯಾಡು, ಹೆಣ ಸಾಗಿಸಲು ಆಂಬುಲೆನ್ಸಿನ ಬಾಡಿಗೆ, ಹೀಗೆ ಉತ್ತರ ಬಾಯಿಯ ತುದಿಯಲ್ಲೇ ಇರುತ್ತದೆ. ಏನಾದರೂ ಕೊಡಿ ಸಾರ್, ಕಾರ್ಪಸ್‌ಗೆ ಹಾಕುತ್ತೇವೆ ಎಂದರೆ ನಾನು ಚಹಾ ಕುಡಿದು ಎದ್ದು ಬರುತ್ತೇನೆ. ಉದ್ದೇಶ ಒಳ್ಳೆಯದೇ ಇರಬಹುದು, ನನ್ನ ಸಾವಿರ ರೂಪಾಯಿ ಅವರಿಗೆ ತುರ್ತಿಲ್ಲ ಅಷ್ಟೆ.

ಈ ವರ್ಷ ಎರಡರಲ್ಲಿ ಒಂದು ಜಾಗ ಖಾಲಿಯಾಗಿದೆ. ನಾನು ಕೊಡುತ್ತಿದ್ದ ಒಂದು ಬಾಲವಾಡಿಯನ್ನು ದೊಡ್ಡ ಸಂಸ್ಥೆಯೊಂದು ವಹಿಸಿಕೊಂಡಿತು, ಅವರಿಗೆ ಇನ್ನು ನನ್ನ ಅಗತ್ಯವಿಲ್ಲ. ಹಾಗಾಗಿ ಕಳೆದ ವಾರ ಪರೇಲಿನ ಹತ್ತಿರದ ರೋಗಿಗಳ ವಸತಿಯೊಂದಕ್ಕೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿದೆ. ಅಲ್ಲಿಯ ವಾರ್ಡನ್ ಬಾಯಿ ಒಂದು ಕ್ಷಣವೂ ಯೋಚಿಸದೆ ಹೇಳಿದರು, ಮೇಲಿನ ಮಹಡಿಯ ಗೀಸರ್ ಕೆಟ್ಟು ಎರಡು ತಿಂಗಳಾಯಿತು, ಕೆಳಗಿನಿಂದ ಬಿಸಿನೀರು ಹೊರಬೇಕು, ಕಂಬಳಿ ಮಾತ್ರ ದಯವಿಟ್ಟು ತರಬೇಡಿ, ಇಡಲು ಜಾಗವಿಲ್ಲ ಎಂದು. ಈ ಶನಿವಾರ ಸಂಜೆ ನಾನೂ ನನ್ನ ಸೊಸೆಯೂ ಹೋಗಿ ನೋಡಿ ಬರುವವರಿದ್ದೇವೆ. ಗೀಸರ್ ರಿಪೇರಿಯ ಹುಡುಗನನ್ನೂ ಜೊತೆಗೆ ಬರಲು ಹೇಳಿದ್ದೇನೆ.